ಒಳಗೆ ಬಿಟ್ಟ ಎರಡಿಂಚು

ನಮ್ಮ ಊರಿನಲ್ಲಿ ಒಬ್ಬರ ಹೊಟ್ಟೆಯ ಹುಳಿಯನ್ನು ತಣಿಸುವುದು ಇನ್ನೊಬ್ಬರ ಮೇದೋಜೀರಕ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ನಾವು ಹುಟ್ಟಿದಾಗಿನಿಂದ ಹೀಗೇ. ಶಾಲೆಯಲ್ಲಿ ಜೀರ್ಣಕ್ರಿಯೆಯ ಪಾಠ ಬಂದಾಗ ಮೇಷ್ಟ್ರು ಬೋರ್ಡಿನ ಮೇಲೆ ಜಠರದ ಚಿತ್ರ ಬರೆದು, ಅಲ್ಲಿಂದ ಹುಳಿ ಕರುಳಿಗೆ ಇಳಿದ ಕೂಡಲೇ ಮೇದೋಜೀರಕಕ್ಕೆ ಸುದ್ದಿ ಮುಟ್ಟುವುದನ್ನು ತೋರಿಸಲು ಒಂದು ಬಾಣ ಎಳೆಯುತ್ತಿದ್ದರು. ಬೇರೆ ಊರುಗಳ ಪುಸ್ತಕದಲ್ಲಿ ಆ ಬಾಣ ಒಂದು ಸುತ್ತು ಹಾಕಿ ಅದೇ ಚಿತ್ರದೊಳಗೆ ಬಂದು ನಿಲ್ಲುತ್ತದಂತೆ. ನಮ್ಮ ಮೇಷ್ಟ್ರ ಬಾಣ ಬೋರ್ಡು ದಾಟಿ, ಗೋಡೆಯ ಮೇಲೂ ಒಂದು ಗೇಣು ಹೋಗಿ, ಕಿಟಕಿಯ ಹತ್ತಿರ ನಿಲ್ಲುತ್ತಿತ್ತು. ಆಚೆಗೆ ಎಲ್ಲಿಗೆ ಹೋಗುತ್ತದೆ ಸಾರ್ ಎಂದು ಕೇಳಿದ್ದಕ್ಕೆ ನಾನು ಒಂದು ಪೀರಿಯಡ್ಡು ಬೆಂಚಿನ ಮೇಲೆ ನಿಂತಿದ್ದೆ. ಅದನ್ನು ಕೇಳಬಾರದು.

ಕೇಳಬಾರದು ಎನ್ನುವುದಕ್ಕೆ ಕಾರಣವಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಒಬ್ಬ ಗಿರಣಿ ಸಾಹುಕಾರ ತನಗೆ ತಂಪು ಕೊಡುವವಳು ಯಾರೆಂದು ಹೇಗೋ ಪತ್ತೆ ಹಚ್ಚಿದನಂತೆ. ತಂಪು ಎಂದರೆ ಆ ತಣಿಸುವ ರಸ, ನಾವು ಅದನ್ನು ಹಾಗೇ ಕರೆಯುವುದು. ಅವಳು ಬುಟ್ಟಿ ಹೆಣೆಯುವ ಹೆಂಗಸು. ಸಾಹುಕಾರ ಅವಳನ್ನು ತನ್ನ ಹಿತ್ತಿಲ ಕೋಣೆಯಲ್ಲಿ ಕೂರಿಸಿ, ಹೊತ್ತು ಹೊತ್ತಿಗೆ ತುಪ್ಪದನ್ನ ತಿನ್ನಿಸಿದ. ಚಿಲಕ ಮಾತ್ರ ಹೊರಗಿನಿಂದ. ಊರವರು ಬಾಗಿಲು ಒಡೆದು ಅವಳನ್ನು ಬಿಡಿಸಿದ ದಿನವೇ ಕಟ್ಟಳೆ ಆಯಿತು: ಯಾರ ತಂಪು ಯಾರಿಗೆ ಎಂದು ಕೇಳಬಾರದು, ಗೊತ್ತಾದರೂ ಆಡಬಾರದು. ಗೊತ್ತಿಲ್ಲದಿರುವುದರಿಂದ ಊರಿಗೆ ಒಳ್ಳೆಯದೇ ಆಗಿದೆ. ಬಾಗಿಲಿಗೆ ಬಂದವರನ್ನು ನಾವು ಬರಿಹೊಟ್ಟೆಯಲ್ಲಿ ಕಳಿಸುವುದಿಲ್ಲ, ಅವರು ಉಣ್ಣದಿದ್ದರೆ ಉರಿಯುವುದು ನಮ್ಮ ಹೊಟ್ಟೆಯೇ ಇರಬಹುದು. ಉಪವಾಸವೆಂಬುದು ಇಲ್ಲಿಲ್ಲ. ಮುನಿಸಿಕೊಂಡ ಸೊಸೆ ಕೂಡ ತಟ್ಟೆ ಮುಂದಿಟ್ಟುಕೊಂಡು, ತುತ್ತು ನುಂಗುತ್ತಲೇ ಮುನಿಸಿಕೊಳ್ಳುತ್ತಾಳೆ.

ಎಲ್ಲರೂ ಒಂದೇ ಹೊತ್ತಿಗೆ ಉಣ್ಣಬೇಕಾದ್ದರಿಂದ ಪುರಭವನದ ಮೇಲೆ ಸೈರನ್ ಇದೆ. ಮಧ್ಯಾಹ್ನ ಅದನ್ನು ಕೂಗಿಸುವವನು ನಾನು, ನಂಜಪ್ಪ. ಹನ್ನೆರಡೂವರೆಗೆ ಉಣ್ಣುವ ಕೂಗು, ಒಂದೂ ಹತ್ತಕ್ಕೆ ಏಳುವ ಕೂಗು. ಉಣ್ಣುವ ಕೂಗು ಕೇಳಿದೊಡನೆ, ತುತ್ತು ಇನ್ನೂ ಬಾಯಿಗೆ ಹೋಗಿರುವುದಿಲ್ಲ, ಆಗಲೇ ಇಡೀ ಊರಿನ ಹೊಟ್ಟೆಯಲ್ಲಿ ಹುಳಿ ಒಸರತೊಡಗುತ್ತದೆ. ಒಮ್ಮೆ ಇಲಿ ತಂತಿ ಕಡಿದು ಹತ್ತೂವರೆಗೇ ಸೈರನ್ ಕೂಗಿಬಿಟ್ಟಾಗ, ಒಲೆಯ ಮೇಲೆ ಅನ್ನ ಕೂಡ ಬೆಂದಿರದ ಊರು ಹೊಟ್ಟೆ ಹಿಡಿದುಕೊಂಡು ನನಗೆ ಹಿಡಿಶಾಪ ಹಾಕಿತ್ತು. ಉಣ್ಣುವಾಗ ಎಡಪಕ್ಕೆಯ ಕೆಳಗೆ ಒಂದು ಸಣ್ಣ ಸೆಳೆತ ಬರುತ್ತದೆ. ಅದು ನಮ್ಮ ತಂಪು ಯಾರಿಗೋ ಹೊರಟ ಗುರುತು. ಎಲ್ಲರೂ ಒಟ್ಟಿಗೆ ಉಣ್ಣುತ್ತಿರುವುದರಿಂದ ಅದರ ಕಡೆ ಯಾರೂ ಗಮನ ಕೊಡುವುದಿಲ್ಲ.

ನಾನು ಆ ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷ ತುಂಬಿತೆಂದು ಊರವರು ಸನ್ಮಾನ ಇಟ್ಟುಕೊಂಡರು. ಕೋಟಿಗೆ ಬಟ್ಟೆಯನ್ನೂ ಕೊಟ್ಟರು. ಕೋಟು ಹಾಕಿಕೊಂಡ ನನ್ನ ಫೋಟೋ ಸೈರನ್ ಕೋಣೆಯ ಗೋಡೆಯ ಮೇಲೆ, ನನಗಿಂತ ಮುಂಚೆ ಅಲ್ಲಿದ್ದ ಹನುಮಂತಯ್ಯನ ಫೋಟೋದ ಪಕ್ಕದಲ್ಲಿ ಬರಬೇಕಿತ್ತು. ಹನುಮಂತಯ್ಯ ಕಡ್ಡಿಯಂತಿದ್ದ ಮನುಷ್ಯ. ಫೋಟೋದಲ್ಲಿ ಅವನ ಕೋಟಿನ ಮೂರು ಗುಂಡಿಗಳೂ ಹಾಕಿವೆ. ಇಪ್ಪತ್ತೈದು ವರ್ಷ ಆ ಮೂರು ಗುಂಡಿಗಳನ್ನು ನೋಡುತ್ತಲೇ ನಾನು ಉಂಡಿದ್ದೇನೆ, ನನ್ನ ಹೊಟ್ಟೆ ಬೆಳೆದದ್ದೂ ಅವುಗಳ ಎದುರಿಗೇ. ಹಾಗಾಗಿ ದರ್ಜಿ ವಿಠೋಬಣ್ಣ ನನ್ನ ಸೊಂಟಕ್ಕೆ ಟೇಪು ಸುತ್ತಿದಾಗ ನಾನು ಉಸಿರನ್ನು ಒಳಕ್ಕೆಳೆದು ಬಿಗಿಹಿಡಿದೆ. ವಿಠೋಬಣ್ಣ ನನಗಿಂತ ಹತ್ತು ವರ್ಷ ದೊಡ್ಡವರು, ಪುರಭವನದ ಎದುರಿಗೇ ಅಂಗಡಿ, ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ. ಟೇಪು ನೋಡಿದರು, ನನ್ನ ಮುಖ ನೋಡಿದರು, ಅಳತೆ ಬರೆದುಕೊಂಡರು.

ಕೋಟು ತರಲು ಹೋದ ದಿನ, "ಒಂದು ಟ್ರಯಲ್ ನೋಡಿ ನಂಜಪ್ಪನೋರೇ" ಎಂದರು. "ನಿಮ್ಮ ಹೊಲಿಗೆಗೆ ಟ್ರಯಲ್ ಯಾಕೆ ವಿಠೋಬಣ್ಣ" ಎಂದು ದೊಡ್ಡದಾಗಿ ಹೇಳಿ ಮನೆಗೆ ತಂದೆ. ಹಾಕಿಕೊಂಡರೆ ನಡುವಿನ ಗುಂಡಿಗೂ ಕಾಜಾಕ್ಕೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ. ವಾಪಸು ಹೋಗಿ ಹೇಳಲು ನಾಚಿಕೆ. ಕೋಟು ದೊಡ್ಡದಾಗದಿದ್ದರೆ ನಾನೇ ಚಿಕ್ಕವನಾಗುವುದು ಎಂದು ತೀರ್ಮಾನಿಸಿದೆ. ಸನ್ಮಾನಕ್ಕೆ ಇನ್ನೂ ಐದು ವಾರವಿತ್ತು.

ನಾನು ಮಧ್ಯಾಹ್ನ ಉಣ್ಣುವುದು ಸೈರನ್ ಕೋಣೆಯಲ್ಲಿ, ಒಬ್ಬನೇ. ಹೆಂಡತಿ ಮಂಗಳ ಕಟ್ಟಿಕೊಡುವ ಕ್ಯಾರಿಯರ್‌ನಲ್ಲಿ ಕಾಲು ಪಾಲು ನಾನು ತಿಂದು, ಮುಕ್ಕಾಲು ಪಾಲು ಕಿಟಕಿಯ ಕಟ್ಟೆಯ ಮೇಲೆ ಸುರಿದೆ. ಕಾಗೆಗಳಿಗೆ ಸುದ್ದಿ ಬೇಗ ಮುಟ್ಟಿತು. ಮೂರನೆಯ ದಿನದಿಂದ ಅವು ಸೈರನ್ ಕೂಗುವ ಮುಂಚೆಯೇ ಬಂದು ಸಾಲಾಗಿ ಕೂರುತ್ತಿದ್ದವು. ರಾತ್ರಿ ಮಂಗಳನ ಎದುರು "ಮಧ್ಯಾಹ್ನದ್ದೇ ಇನ್ನೂ ಭಾರ" ಎಂದು ಅರ್ಧಕ್ಕೇ ಏಳುತ್ತಿದ್ದೆ. ಇಷ್ಟು ದೊಡ್ಡ ಊರಿನಲ್ಲಿ ಒಬ್ಬ ನಂಜಪ್ಪನ ನಾಲ್ಕು ತುತ್ತು ಕಡಿಮೆಯಾದರೆ ಏನು ಮಹಾ ಎನ್ನಿಸಿತ್ತು. ಎನ್ನಿಸಿತ್ತು ಎನ್ನುವುದೂ ಸುಳ್ಳೇ, ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಒಂಬತ್ತನೆಯ ದಿನ ನನಗೆ ಉರಿ ಶುರುವಾಯಿತು. ಏಳುವ ಕೂಗು ಹಾಕಲು ಎದ್ದರೆ ಎದೆಗೂಡಿನ ಕೆಳಗೆ ಕೆಂಡ ಇಟ್ಟ ಹಾಗೆ. ಒಂದು ವಾರ ಸುಮ್ಮನಿದ್ದು, ತಡೆಯಲಾರದೆ ಕಾಂಪೌಂಡರ್ ದಾನಿಯೇಲಪ್ಪನವರ ಹತ್ತಿರ ಹೋದೆ. ಡಾಕ್ಟರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಎಲ್ಲಕ್ಕೂ ಅವರೇ. ಅವರು ಒಂದು ಬೆರಳಿನಿಂದ ಒತ್ತಿ, "ಇಲ್ಲೇನಾ?" ಎಂದರು.

"ಅಯ್ಯೋ, ಅಲ್ಲೇ."

"ನಿಮ್ಮ ಹುಳಿ ಸರಿಯಾಗೇ ಇದೆ. ಕೆಳಗೆ ತಂಪು ಸಾಲ್ತಿಲ್ಲ, ಅಷ್ಟೆ. ಕೆಳಗಡೆ ತಣ್ಣಗಾಗ್ದೆ ಇದ್ರೆ ಹೊಟ್ಟೆ ತನ್ನ ಕೆಳಬಾಗಿಲು ತೆಗೆಯಲ್ಲ. ಉಂಡಿದ್ದು ಮೇಲೇ ನಿಲ್ಲುತ್ತೆ. ಹಸಿವೂ ಸತ್ತಿರ್ಬೇಕು?"

"ಸತ್ತಿದೆ."

"ನಿಮಗೆ ತಂಪು ಕೊಡೋರು ಯಾರೋ ಸರಿಯಾಗಿ ಉಣ್ತಿಲ್ಲ. ತಂಪು ಅಂದ್ರೆ ಬರೀ ನೀರಲ್ಲ ನಂಜಪ್ಪ. ಅದೂ ಅನ್ನ ಬೇಳೆಯಿಂದಾನೇ ಆಗ್ಬೇಕು. ಉಣ್ಣದೋರ ತಂಪು ತೆಳು."

ನನಗೆ ಸಿಟ್ಟು ನೆತ್ತಿಗೇರಿತು. "ಯಾವನ್ರೀ ಅವನು? ನಾನು ಅಷ್ಟು ದೊಡ್ಡದಾಗಿ ಕೂಗಿಸೋದು ಕಿವಿಗೆ ಬೀಳಲ್ವಾ ಅವನಿಗೆ? ಊರಿನ ಕಟ್ಟಳೆ ಗೊತ್ತಿಲ್ವಾ?"

"ನೀವು ಸರಿಯಾಗಿ ಉಣ್ತಿದೀರಾ ತಾನೆ?"

"ದಿನಾ ಕ್ಯಾರಿಯರ್ ಖಾಲಿ ಆಗುತ್ತೆ ಸಾರ್" ಎಂದೆ. ಅದು ನಿಜವೇ ಆಗಿತ್ತು.

ದಾನಿಯೇಲಪ್ಪನವರು ಬಿಳಿ ಔಷಧಿಯ ಬಾಟಲಿ ಅಲ್ಲಾಡಿಸುತ್ತಾ ಹೇಳಿದರು. "ನಿಮಗೆ ಕೊಡೋರು ಬೇರೆ, ನಿಮ್ಮಿಂದ ತಗೊಳ್ಳೋರು ಬೇರೆ ಆದ್ರೆ ಹೇಗೋ ಸುಧಾರಿಸುತ್ತೆ. ಕೆಲವರದು ಎದುರುಬದುರು ಜೋಡಿ ಇರುತ್ತೆ ನೋಡಿ, ನಿಮಗೆ ಅವರು, ಅವರಿಗೆ ನೀವೇ. ಅದು ಮಾತ್ರ ಕಷ್ಟ. ಒಬ್ಬರು ಊಟ ಇಳಿಸಿದ್ರೆ ಇನ್ನೊಬ್ಬರಿಗೆ ಉರಿ. ಉರಿ ಅಂತ ಅವರೂ ಇಳಿಸ್ತಾರೆ, ಆಗ ಮೊದಲನೆಯೋರಿಗೆ ಉರಿ. ಹೀಗೇ ಮೆಟ್ಲು ಇಳಿದ ಹಾಗೆ ಇಬ್ಬರೂ ಇಳೀತಾ ಹೋಗ್ತಾರೆ. ಹೋದ ವರ್ಷ ಮೇಲಿನ ಬೀದೀಲಿ ಇಬ್ಬರು ಹಾಗೇ ಹೋಗ್ಬಿಟ್ರು, ಹದಿನೈದು ದಿನದ ಅಂತರದಲ್ಲಿ."

"ಅದನ್ನ ನಿಲ್ಲಿಸೋದು ಹೇಗೆ ಸಾರ್?"

"ಇಬ್ಬರಲ್ಲಿ ಯಾರಾದ್ರೂ ಒಬ್ಬರು ಉರಿಯೋ ಹೊಟ್ಟೆ ಮೇಲೇ ಹೊಟ್ಟೆ ತುಂಬ ಉಣ್ಬೇಕು. ಇನ್ನೊಬ್ಬರ ಉರಿ ಇಳಿಯೋ ತನಕ. ಈ ಔಷಧಿ ಎಲ್ಲ ಬರೀ ಸಮಾಧಾನಕ್ಕೆ" ಎಂದು ಹೇಳಿ, ಅದೇ ಔಷಧಿಯನ್ನು ನನ್ನ ಕೈಗಿಟ್ಟರು.

ಆ ಉಣ್ಣದವನು ಯಾರು ಎಂಬುದು ನನ್ನನ್ನು ಹುಳದಂತೆ ಕೊರೆಯತೊಡಗಿತು. ಸಿಟ್ಟು ಸ್ವಲ್ಪ, ಕುತೂಹಲ ಬಹಳ. ಬೆಂಚಿನ ಮೇಲೆ ನಿಂತಾಗಿನ ಪ್ರಶ್ನೆ ನಲವತ್ತು ವರ್ಷ ಒಳಗೇ ಕೂತಿತ್ತು ಎಂದು ಕಾಣುತ್ತದೆ. ಒಂದು ಉಪಾಯ ಹೊಳೆಯಿತು. ಯಾರೂ ಉಣ್ಣದ ಹೊತ್ತಿನಲ್ಲಿ ನಾನೊಬ್ಬನೇ ಏನಾದರೂ ಹುಳಿ ತಿಂದರೆ, ನನ್ನ ಹುಳಿ ಕೆಳಗಿಳಿದ ಕೂಡಲೇ ಊರಿನಲ್ಲಿ ಒಬ್ಬರಿಗೇ ಒಬ್ಬರಿಗೆ ಎಡಪಕ್ಕೆ ಸೆಳೆಯಬೇಕು. ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ತಪ್ಪು, ಅದರಲ್ಲೂ ಸೈರನ್ ಕೂಗಿಸುವವನು ತಿನ್ನುವುದು ದೊಡ್ಡ ತಪ್ಪು. ಆದರೂ ಉಪ್ಪು ಹಾಕಿ ಕುಟ್ಟಿದ ಹುಣಸೆಹಣ್ಣಿನ ಉಂಡೆಗಳನ್ನು ಜೇಬಿಗೆ ಹಾಕಿಕೊಂಡು, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬೀದಿ ಬೀದಿ ಸುತ್ತಲು ಹೊರಟೆ.

ಒಬ್ಬರ ಎದುರು ನಿಲ್ಲುವುದು, ಕೆಮ್ಮಿದ ಹಾಗೆ ಮಾಡಿ ಉಂಡೆ ಬಾಯಿಗೆ ಹಾಕಿಕೊಳ್ಳುವುದು, ಮಳೆ ಬೆಳೆ ಮಾತಾಡುತ್ತಾ ಅವರ ಎಡಗೈ ನೋಡುವುದು. ಅಂಚೆ ಕಚೇರಿಯ ಯಜಮಾನರು ಪಕ್ಕೆಗೆ ಕೈ ಹಾಕಿದಾಗ ನನ್ನ ಎದೆ ಧಸಕ್ಕೆಂದಿತು. ಅವರು ಸೊಂಟದಿಂದ ಬೀಗದ ಕೈ ತೆಗೆದರು. ಹೂವು ಮಾರುವ ಹೆಂಗಸು ಒಂದಷ್ಟು ಹೊತ್ತು ನೋಡಿ, "ಏನಣ್ಣ, ಹೂವು ತಗೊಳಲ್ಲ, ಹೋಗೋದೂ ಇಲ್ಲ, ನನ್ನ ಪಕ್ಕೇಲಿ ಏನು ಬರೆದೈತೆ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಎರಡು ಮೊಳ ಮಲ್ಲಿಗೆ ಕೊಂಡು ಅಲ್ಲಿಂದ ಕಾಲ್ತೆಗೆದೆ. ಮಂಗಳ ಆ ಹೂವು ಮುಡಿದುಕೊಂಡು ನನ್ನನ್ನೇ ಅನುಮಾನದಿಂದ ನೋಡಿದಳು.

ಆರನೆಯ ದಿನ ಹುಡುಕಾಟಕ್ಕೆ ಸಾಕೆನ್ನಿಸಿ, ಕೋಟನ್ನು ಚೀಲದಲ್ಲಿ ಹಾಕಿಕೊಂಡು ವಿಠೋಬಣ್ಣನ ಅಂಗಡಿಗೆ ಹೋದೆ. ಇಷ್ಟೆಲ್ಲ ಕಷ್ಟಪಟ್ಟರೂ ನಡುವಿನ ಗುಂಡಿ ಒಂದು ಬೆರಳಿನಷ್ಟು ದೂರವೇ ಉಳಿದಿತ್ತು. ಗುಂಡಿಯನ್ನು ಸ್ವಲ್ಪ ಆಚೆ ಹೊಲಿಸಿಕೊಳ್ಳೋಣವೆಂದು ಯೋಚನೆ. ಒಳಗೆ ಹೋದವನು ವಿಠೋಬಣ್ಣನನ್ನು ನೋಡಿ ಬೆಚ್ಚಿಬಿದ್ದೆ. ಕೊರಳಿನ ಸುತ್ತ ಅಂಗಿ ಜೋತಾಡುತ್ತಿತ್ತು. ಎದುರಿಗೇ ಇದ್ದ ಅಂಗಡಿ, ನಾನು ಮೂರು ವಾರದಿಂದ ಇತ್ತ ತಲೆ ಹಾಕಿರಲಿಲ್ಲ.

"ಚೀಲದಲ್ಲಿ ಏನು?" ಎಂದರು.

ಬಾಯಿಗೆ ಬಂದ ಮಾತು ಹಾಗೇ ಹಿಂದಕ್ಕೆ ಹೋಯಿತು. "ಏನಿಲ್ಲ ವಿಠೋಬಣ್ಣ, ತರಕಾರಿ."

ಅವರು ಚೀಲವನ್ನೇ ಒಂದು ಕ್ಷಣ ನೋಡಿ, ಬಟ್ಟೆ ಕತ್ತರಿಸಲು ತಿರುಗಿಕೊಂಡರು. ಮೂಲೆಯಲ್ಲಿ ಕಾಜಾ ಹಾಕುತ್ತಾ ಕೂತಿದ್ದ ಅವರ ಹೆಂಡತಿ ತಾರಾಬಾಯಿ ಸೂಜಿ ಪಕ್ಕಕ್ಕಿಟ್ಟರು. "ನೀವಾದ್ರೂ ಬುದ್ಧಿ ಹೇಳಿ ಅಣ್ಣ. ನಾಲ್ಕು ತುತ್ತಿಗೇ ತಟ್ಟೆ ತಳ್ತಾರೆ. ಇಪ್ಪತ್ತು ದಿನ ಆಯ್ತು, ಉಂಡ್ರೆ ಉರಿ, ಉಣ್ದೆ ಇದ್ರೆ ನಿತ್ರಾಣ. ನಿನ್ನೆ ಮೆಷಿನ್ ಮೇಲೇ ತಲೆ ಇಟ್ಟು ಬಿದ್ದಿದ್ರು."

ಐದು ದಿನದ ಅಭ್ಯಾಸದಿಂದ ನನ್ನ ಕೈ ಜೇಬಿಗೆ ಹೋಗಿ ಹುಣಸೆ ಉಂಡೆಯನ್ನು ಬಾಯಿಗೆ ಹಾಕಿತು. ಒಂದಿಷ್ಟು ಹೊತ್ತು ಕಳೆಯಿತು. ಕತ್ತರಿ ನಿಂತಿತು. ವಿಠೋಬಣ್ಣನ ಎಡಗೈ ನಿಧಾನವಾಗಿ ಪಕ್ಕೆಯ ಕೆಳಗೆ ಹೋಗಿ ಒತ್ತಿಕೊಂಡಿತು. ಕಾಕತಾಳೀಯ ಇರಬೇಕೆಂದುಕೊಂಡು ಇನ್ನೊಂದು ಉಂಡೆ ಹಾಕಿಕೊಂಡು ಮನಸ್ಸಿನಲ್ಲೇ ಎಣಿಸಿದೆ. ಮುನ್ನೂರು ಮುಟ್ಟುವ ಮುಂಚೆ ಆ ಕೈ ಮತ್ತೆ ಅಲ್ಲಿಗೇ ಹೋಯಿತು.

ಸಿಕ್ಕಿದರು! ಎಂಥ ಸಂತೋಷವಾಯಿತೆಂದರೆ, ಬೋರ್ಡು ದಾಟಿ ಹೋದ ಬಾಣದ ತುದಿಯನ್ನು ಕೈಯಲ್ಲಿ ಹಿಡಿದ ಹಾಗಿತ್ತು. ಆ ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ತಾರಾಬಾಯಿ ಮೊಸರವಲಕ್ಕಿಯ ಬಟ್ಟಲು ತಂದು, "ಕೂಗಿನ ಹೊತ್ತಲ್ಲಿ ಇಳಿಯಲ್ಲ ಅಂತ ಹೀಗೆ ಎರಡೆರಡು ಚಮಚ ಕೊಡ್ತೀನಿ, ನೋಡಿಲ್ಲ ಅಂದ್ಕೊಳ್ಳಿ" ಎಂದು ನನಗೆ ಹೇಳಿ ಗಂಡನಿಗೆ ತಿನ್ನಿಸಿದರು. ವಿಠೋಬಣ್ಣ ಕಣ್ಣು ಮುಚ್ಚಿಕೊಂಡು ನುಂಗಿದರು. ನಾನು ಹೊರಡಬೇಕೆಂದು ಚೀಲ ಎತ್ತಿಕೊಳ್ಳುವಷ್ಟರಲ್ಲಿ ನನ್ನ ಎಡಪಕ್ಕೆಯ ಕೆಳಗೆ ಸೆಳೆಯಿತು.

ಎದುರುಬದುರು. ನನಗೆ ಅವರು, ಅವರಿಗೆ ನಾನೇ. ಅವರ ಉರಿಗೆ ಇಪ್ಪತ್ತು ದಿನ, ನನ್ನ ಕಾಗೆಗಳಿಗೆ ಇಪ್ಪತ್ತೆರಡು ದಿನ. ನನ್ನ ಉರಿ ಶುರುವಾದದ್ದು ಅವರದಾದ ಮೇಲೆ. ಬೀದಿ ಬೀದಿಯಲ್ಲಿ ನಾನು ಹುಡುಕುತ್ತಿದ್ದ ಉಣ್ಣದವನು ನಾನೇ ಎಂದು ತಿಳಿಯಲು ಲೆಕ್ಕದ ಮೇಷ್ಟ್ರು ಬೇಕಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಲ್ಲೇ ಕಾಲು ಹಿಡಿದು ಹೇಳಿಬಿಡಬೇಕು ಎನ್ನಿಸಿತು. ಆಡಬಾರದೆಂಬ ಕಟ್ಟಳೆ ಇತ್ತಲ್ಲ, ಅದನ್ನೇ ನೆಪ ಮಾಡಿಕೊಂಡು ಸುಮ್ಮನೆ ಹೊರಗೆ ಬಂದೆ.

ಮಾರನೆಯ ದಿನ ಮಂಗಳನಿಗೆ ಹೇಳಿದೆ: "ಮೂರು ಮುದ್ದೆ ಇಡು. ಬೇಳೆ ಸಾರು ಜಾಸ್ತಿ ಹಾಕು."

"ಮೂರಾ? ರೀ, ನಿನ್ನೆ ಒಂದನ್ನೇ ನೋಡಿ ಮುಖ ಕಿವಿಚಿದ್ರಿ."

"ಇಡೇ ಮಾರಾಯ್ತಿ."

ಉಣ್ಣುವ ಕೂಗು ಹಾಕಿ, ಕಿಟಕಿ ಮುಚ್ಚಿ, ಕೂತು ಉಂಡೆ. ಮೊದಲ ಮುದ್ದೆ ಹೇಗೋ ಇಳಿಯಿತು. ಎರಡನೆಯದಕ್ಕೆ ಕೆಂಡ ಹೊತ್ತಿಕೊಂಡಿತು. ಮೂರನೆಯದನ್ನು ಕಣ್ಣಲ್ಲಿ ನೀರು ಸುರಿಸುತ್ತಾ, ಗೋಡೆಗೆ ತಲೆ ಒತ್ತಿಕೊಂಡು ನುಂಗಿದೆ. ಹೊರಗೆ ಕಾಗೆಗಳು ಕಿಟಕಿ ಕುಟ್ಟಿ ಕುಟ್ಟಿ ಬೈದವು. ನನ್ನ ಹೊಟ್ಟೆಗೆ ತಂಪು ಬರುವುದು ವಿಠೋಬಣ್ಣನಿಂದ, ಅವರಲ್ಲಿ ಕೊಡಲು ಏನೂ ಇರಲಿಲ್ಲ. ಆದರೆ ನನ್ನ ತಂಪು ಗಟ್ಟಿಯಾದರೆ ಅವರು ನಾಳೆ ಐದು ತುತ್ತು ಉಣ್ಣಬಹುದು, ನಾಡಿದ್ದು ಏಳು. ಸಂಜೆ ಮಂಗಳ ನನ್ನ ಮುಖ ನೋಡಿ ಹೆದರಿದಳು. ಏನಾಗಿದೆ ಎಂದು ಕೇಳಿದರೆ ಹೇಳುವಂತಿಲ್ಲ. ರಾತ್ರಿಯ ಊಟವನ್ನೂ ಪೂರ್ತಿ ಮಾಡಿ, ಬಿಳಿ ಔಷಧಿ ಕುಡಿದು, ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದೆ.

ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ಪ್ರತಿದಿನ ಉಣ್ಣುತ್ತಾ ಎಡಪಕ್ಕೆಯ ಕಡೆಗೇ ಗಮನ. ವಿಠೋಬಣ್ಣ ಉಂಡರೆ ಅಲ್ಲಿ ಸೆಳೆಯಬೇಕು. ಮೊದಲೆರಡು ದಿನ ಕೂದಲೆಳೆಯಷ್ಟು ಸೆಳೆದು ನಿಂತುಬಿಟ್ಟಿತು. ನಾಲ್ಕನೆಯ ದಿನ ಸೆಳೆತವೇ ಇಲ್ಲ. ಕಿಟಕಿ ತೆಗೆದು ನೋಡಿದರೆ ಅಂಗಡಿಯ ಬಾಗಿಲು ಪೂರ್ತಿ ಮುಚ್ಚಿತ್ತು. ತಡವಾಗಿಬಿಟ್ಟಿತೇ? ತಟ್ಟೆಯಲ್ಲಿ ಇನ್ನೂ ಒಂದು ಮುದ್ದೆ ಇತ್ತು. ಅಳುತ್ತಲೇ ಅದನ್ನೂ ತಿಂದೆ, ಬೇರೆ ಏನು ಮಾಡಲೂ ನನಗೆ ಗೊತ್ತಿರಲಿಲ್ಲ.

ಐದನೆಯ ದಿನ ಬಾಗಿಲು ಅರ್ಧ ತೆರೆದಿತ್ತು. ಆರನೆಯ ದಿನ, ಎರಡನೆಯ ಮುದ್ದೆಯ ಹೊತ್ತಿಗೆ, ಎಡಪಕ್ಕೆಯ ಕೆಳಗೆ ಸೆಳೆತ ಬಂದು ಬಿಡದೆ ನಿಂತಿತು. ಅವರು ಉಣ್ಣುತ್ತಿದ್ದರು. ಇನ್ನೂ ಉಣ್ಣುತ್ತಿದ್ದರು. ಏಳುವ ಕೂಗು ಹಾಕುವುದನ್ನು ನಾನು ಐದು ನಿಮಿಷ ತಡ ಮಾಡಿದೆ, ಇಪ್ಪತ್ತೈದು ವರ್ಷದಲ್ಲಿ ಅದೇ ಮೊದಲು. ಒಂಬತ್ತನೆಯ ದಿನ ನನಗೆ ಉರಿ ಬರಲಿಲ್ಲ. ಸನ್ಮಾನಕ್ಕೆ ಮೂರು ದಿನ ಉಳಿದಿತ್ತು, ಕೋಟು ಮೊದಲಿಗಿಂತ ಬಿಗಿಯಾಗಿತ್ತು.

ಮಾರನೆಯ ದಿನ ಹನ್ನೊಂದೂವರೆಯ ಹೊತ್ತಿಗೆ ಕೋಟನ್ನು ಚೀಲದಲ್ಲಿ ಹಾಕದೆ, ತೋಳಿನ ಮೇಲೆ ಹಾಕಿಕೊಂಡು ಎಲ್ಲರಿಗೂ ಕಾಣುವಂತೆ ಅಂಗಡಿಗೆ ಹೋದೆ. ವಿಠೋಬಣ್ಣ ಮೆಷಿನ್ ತುಳಿಯುತ್ತಿದ್ದರು. ಕೆನ್ನೆಗೆ ಬಣ್ಣ ಬಂದಿತ್ತು.

"ಕೋಟು ಬಿಗಿ ಆಗಿದೆ ವಿಠೋಬಣ್ಣ. ಅಳತೆ ತಗೊಳ್ಳೋವಾಗ ನಾನು ಉಸಿರು ಹಿಡ್ಕೊಂಡಿದ್ದೆ."

ಅವರು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಕೋಟನ್ನು ತಿರುಗಿಸಿ, ಪಕ್ಕದ ಹೊಲಿಗೆಯ ಹತ್ತಿರ ಲೈನಿಂಗ್ ಬಿಚ್ಚಿ, ಒಳಗೆ ಮಡಿಚಿಟ್ಟಿದ್ದ ಬಟ್ಟೆಯನ್ನು ಹೆಬ್ಬೆರಳಿನಿಂದ ಹೊರಗೆಳೆದು ತೋರಿಸಿದರು. ಪೂರ್ತಿ ಎರಡಿಂಚು.

"ಗೊತ್ತಿತ್ತಾ ನಿಮಗೆ?"

"ಮೂವತ್ತೈದು ವರ್ಷದಿಂದ ಗಂಡಸರ ಹೊಟ್ಟೆ ಅಳೀತಿದೀನಿ ನಂಜಪ್ಪನೋರೇ. ಟೇಪು ಕಂಡ್ರೆ ಉಸಿರು ಹಿಡಿಯದೋರು ಯಾರು? ಎಲ್ಲರದಕ್ಕೂ ಒಳಗೆ ಎರಡಿಂಚು ಬಿಟ್ಟೇ ಹೊಲಿಯೋದು." ಹೊಲಿಗೆ ಬಿಚ್ಚುತ್ತಾ, ತಲೆ ಎತ್ತದೆ, ಅವರು ಮುಂದುವರಿಸಿದರು. "ನಿನ್ನೆ ಬಸ್ಸಾರು ಚೆನ್ನಾಗಿತ್ತು. ಒಗ್ಗರಣೆಗೆ ಎಣ್ಣೆ ಒಂದು ಕೈ ಜಾಸ್ತಿ ಆಯ್ತೇನೋ. ಎಣ್ಣೆ ಜಾಸ್ತಿ ಆದ್ರೆ ಸೆಳೆತ ಬಿಡೋದೇ ಇಲ್ಲ."

ನನ್ನ ಕ್ಯಾರಿಯರ್‌ನಲ್ಲಿದ್ದ ಬಸ್ಸಾರಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ತಾರಾಬಾಯಿ ಮೂಲೆಯಲ್ಲಿ ಕಾಜಾ ಹಾಕುತ್ತಿದ್ದವರು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಅತ್ತ ತಿರುಗಿಕೊಂಡರು.

"ಯಾವಾಗಿಂದ..." ಎಂದೆ.

"ಅದನ್ನ ಆಡೋ ಹಾಗಿಲ್ಲ."

"ಹಾಗಾದ್ರೆ ಇಷ್ಟು ದಿನ ಸುಮ್ನೆ ಉರ್ಕೊಂಡು ಕೂತಿದ್ರಾ? ಒಂದು ಮಾತು ಹೇಳ್ಬಾರ್ದಿತ್ತಾ ವಿಠೋಬಣ್ಣ?"

"ಹೊಟ್ಟೆ ಮಾತು ಆಡೋ ಹಾಗಿರ್ಲಿಲ್ಲ. ಕೋಟಿನ ಮಾತಿಗೆ ಯಾರ ಅಡ್ಡಿ? ಆದ್ರೆ ಅದನ್ನ ನಾನಾಗಿ ತೆಗೆದ್ರೆ ಹೊಟ್ಟೆ ಮಾತೇ ತೆಗೆದ ಹಾಗೆ. ಗಿರಾಕಿ ತೆಗೆದ್ರೆ ಬರೀ ಕೋಟು." ಅವರು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಇವತ್ತು ಬರ್ತಾರೆ, ನಾಳೆ ಬರ್ತಾರೆ, ಬಿಗಿ ಅಂತಾರೆ ಅಂತ ದಿನಾ ಬಾಗಿಲು ನೋಡ್ತಿದ್ದೆ. ಅವತ್ತು ಚೀಲ ತಂದ್ರಿ. ತರಕಾರಿ ಅಂದ್ರಿ."

ನಾನು ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ನೋಡುತ್ತಾ ಕೂತೆ. ಮೆಷಿನ್ ಸ್ವಲ್ಪ ಹೊತ್ತು ಓಡಿ ನಿಂತಿತು. ವಿಠೋಬಣ್ಣ ಕೋಟನ್ನು ಕೊಡವಿ ನನ್ನ ಹೆಗಲಿಗೆ ಹಾಕಿ, ಎದುರು ನಿಂತು ಮೂರು ಗುಂಡಿಗಳನ್ನೂ ತಾವೇ ಹಾಕಿದರು. ನಾನು ರೂಢಿಯಂತೆ ಉಸಿರು ಹಿಡಿದಿದ್ದೆ.

"ಬಿಡಿ" ಎಂದರು. ಬಿಟ್ಟೆ. ಗುಂಡಿಗಳು ಹಾಗೇ ನಿಂತವು.

ಅವರು ಗೋಡೆಯ ಗಡಿಯಾರದ ಕಡೆ ನೋಡಿದರು. "ಹನ್ನೆರಡು ಇಪ್ಪತ್ತು ಆಯ್ತಲ್ಲ, ಏಳಿ, ಹೋಗಿ ಕೂಗು ಹಾಕಿ. ನಂಗೆ ಹಸಿವಾಗ್ತಿದೆ."

ನಾನು ಕೋಟಿನಲ್ಲೇ ರಸ್ತೆ ದಾಟಿ, ಪುರಭವನದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ.